ಆಡಿನ ಬಾಯಿ ತೋರಿಸಿ ಮಾಡಿದ ಪಾಠ

ಸುರಪುರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರಾಣಿಗಳ ಹಲ್ಲು, ಆಹಾರದ ಪಾಠಕ್ಕೆ ನಾನೇ ಚಾರ್ಟ್ ಬರೆದಿದ್ದೆ. ಅದರಲ್ಲಿ ಆಡಿಗೆ ಮೇಲೂ ಕೆಳಗೂ ಮುಂದಿನ ಹಲ್ಲು ಬಿಡಿಸಿದ್ದೆ. ಕುರಿ ಕಾಯುವ ಮನೆಯ ಹುಡುಗ ಎದ್ದು ನಿಂತ. "ಸರ್, ಆಡಿಗಿ ಮ್ಯಾಲ ಮುಂದಿನ ಹಲ್ಲ ಇರಂಗಿಲ್ರಿ."

ಅವನು ಹೇಳಿದ್ದೇ ಸರಿ. ಮರುದಿನ ಅವರ ಆಡನ್ನೇ ಶಾಲೆಗೆ ತರಿಸಿದೆ. ಹುಡುಗ ಕೊರಳು ಹಿಡಿದ, ನಾನು ಮೆಲ್ಲಗೆ ತುಟಿ ಎತ್ತಿದೆ. ಕೆಳಗೆ ಎಂಟು ಹಲ್ಲು. ಮೇಲೆ ಬರೀ ಗಟ್ಟಿ ಒಸಡು. ಎಲೆಯನ್ನು ಆ ಒಸಡಿಗೆ ಒತ್ತಿ ಹಿಡಿದು, ತಲೆ ಎಳೆದು ಕಿತ್ತುಕೊಳ್ಳುತ್ತದೆ. ಹಿಂದಿನ ಹಲ್ಲು ತೋರಿಸಲು ಬಾಯೊಳಗೆ ಬೆರಳು ಹಾಕಬೇಡಿ, ತುಂಬಾ ಹರಿತ ಇರುತ್ತವೆ. ಅದಕ್ಕೆ ಹೊಲದ ಬದುವಿನಲ್ಲಿ ಸಿಕ್ಕ ಒಣ ದವಡೆಯನ್ನು ತೊಳೆದು, ಬಿಸಿಲಿಗಿಟ್ಟು ತಂದಿದ್ದೆ. ಒಬ್ಬ ಹುಡುಗಿ ಅದನ್ನು ಸವರಿ ನೋಡಿ, "ಬೀಸೋ ಕಲ್ಲು ಮುಟ್ಟಿದಂಗ ಐತ್ರಿ" ಅಂದಳು. ಕೆಲಸವೂ ಅದೇ ಅಲ್ವಾ? ಮೆಲುಕು ಹಾಕುವಾಗ ಕೆಳದವಡೆ ಅಡ್ಡಡ್ಡ ಓಡಾಡುತ್ತದೆ, ಮೇವು ನುಣ್ಣಗಾಗುತ್ತದೆ. ನಾಯಿಯ ದವಡೆ ಕತ್ತರಿಯಂತೆ ಮೇಲೆ ಕೆಳಗೆ ಮಾತ್ರ ಆಡುತ್ತದೆ, ಮಾಂಸ ತುಂಡರಿಸಲು ಅಷ್ಟು ಸಾಕು.

ಆಮೇಲೆ ಒಂದು ಜಾಲಿ ಕೊಂಬೆ ಹಿಡಿದೆವು. ಎಲ್ಲರೂ ಸುಮ್ನೆ ಕೂತು ನೋಡಿದರು. ಮುಳ್ಳಿನ ನಡುವೆ ತುಟಿ ತೂರಿಸಿ, ಒಂದೊಂದೇ ಎಲೆ ಆರಿಸಿ ತಿಂದಿತು. ಎಮ್ಮೆಗೆ ಇದು ಆಗದ ಕೆಲಸ. ಅದು ಉದ್ದ ನಾಲಿಗೆಯಿಂದ ಹುಲ್ಲನ್ನು ಹಿಡಿಗಟ್ಟಲೆ ಸುತ್ತಿ ಎಳೆಯುವ ಪ್ರಾಣಿ.

ನನಗೆ ಜಾಸ್ತಿ ಹಿಡಿಸಿದ್ದು ಕಣ್ಣು. ಆಡಿನ ಕಣ್ಣಪಾಪೆ ಅಡ್ಡ ಗೆರೆಯಂತಿರುತ್ತದೆ. ಅದು ಮೇಯಲು ತಲೆ ಬಗ್ಗಿಸಿದಾಗ ಮಕ್ಕಳು ಪಕ್ಕದಲ್ಲೇ ಬಗ್ಗಿ ನೋಡಿದರು. ತಲೆ ಕೆಳಗೆ ಹೋದರೂ ಗೆರೆ ನೆಲಕ್ಕೆ ಸಮವಾಗಿಯೇ ಇತ್ತು! ಕಣ್ಣುಗುಡ್ಡೆಯೇ ತಿರುಗಿಕೊಳ್ಳುತ್ತದೆ. ಹಾಗಾಗಿ ಮೇಯುತ್ತಲೇ ಸುತ್ತಲಿನ ಬಯಲಿನ ಮೇಲೆ ಅದರ ಕಣ್ಣಿರುತ್ತದೆ, ತೋಳ ಬಂದರೆ ತಿಳಿಯುತ್ತದೆ. ಇಷ್ಟು ವರ್ಷ ದಿನಾ ಆಡು ನೋಡಿದವನು ನಾನು, ಇದನ್ನು ಅವತ್ತೇ ಕಂಡೆ.

ಚಳಿಗಾಲದಲ್ಲಿ ಬೋನಾಳ ಕೆರೆಗೆ ಕರೆದುಕೊಂಡು ಹೋದೆ. ಬಣ್ಣದ ಕೊಕ್ಕರೆ ಅರೆ ತೆರೆದ ಕೊಕ್ಕನ್ನು ನೀರಿನಲ್ಲಿ ಆಚೀಚೆ ಆಡಿಸುತ್ತಿತ್ತು. "ಸರ್, ಅದು ನೋಡದಂಗ ಹೆಂಗ ಹಿಡಿತೈತ್ರಿ?" ಅಂತ ಅದೇ ಹುಡುಗ ಕೇಳಿದ. ಮೀನು ಕೊಕ್ಕಿಗೆ ತಾಗಿದ ಕ್ಷಣವೇ ಕೊಕ್ಕು ಮುಚ್ಚಿಬಿಡುತ್ತದೆ, ಕೆಸರು ನೀರಿನಲ್ಲಿ ಕಣ್ಣಿಗಿಂತ ಸ್ಪರ್ಶವೇ ಕೆಲಸಕ್ಕೆ ಬರುತ್ತದೆ ಅಂತ ವಿವರಿಸಿದೆ. ಅವನು ಕಣ್ಣು ಮುಚ್ಚಿ, ಎರಡು ಬೆರಳು ನೀರಿಗೆ ಇಳಿಬಿಟ್ಟು ಬಹಳ ಹೊತ್ತು ಕೂತ.

ಚಾರ್ಟ್ ಈಗಲೂ ಗೋಡೆಯ ಮೇಲಿದೆ. ಆಡಿನ ಮೇಲಿನ ಹಲ್ಲುಗಳ ಮೇಲೆ ಬಿಳಿ ಕಾಗದ ಅಂಟಿಸಿದ್ದು ಅವನೇ.