ಮೀನು ತಿಂದೆ, ಮೀನನ್ನು ತಿಂದೆ: ಊಟದ ಫ್ರೆಂಚ್ ಕಲಿತ ಬಗೆ

ಫ್ರೆಂಚ್ ಕಲಿಯುವವರಿಗೆ ಊಟದ ಪಾಠ ಶುರುವಿನಲ್ಲೇ ಬರುತ್ತದೆ. ಸೇಬು, ಚೀಸ್, ಬ್ರೆಡ್ಡು, ಕೋಳಿ ಎಂದು ಉದ್ದದ ಪಟ್ಟಿ. ಅದು ಪೂರ್ತಿ ಬಾಯಿಗೆ ಬಂದ ಮೇಲೂ "ಮಧ್ಯಾಹ್ನ ಏನು ಊಟ?" ಎಂದು ಕೇಳಿದರೆ ಮಾತು ಹೊರಡುವುದಿಲ್ಲ. ತೊಡಕು ಇರುವುದು ಪದಾರ್ಥದ ಹೆಸರಿನಲ್ಲಲ್ಲ, ಅದರ ಮುಂದೆ ಕೂರುವ ಪುಟ್ಟ ಪದದಲ್ಲಿ. ಹಾಗಾಗಿ ನಾನು ಪಟ್ಟಿಯನ್ನು ಬದಿಗಿಟ್ಟು, ಮಂಗಳೂರಿನ ಮನೆಯ ಅಡುಗೆಯನ್ನೇ ಪಾಠ ಮಾಡಿಕೊಂಡೆ. ದಿನಕ್ಕೆ ಇಪ್ಪತ್ತು ನಿಮಿಷ, ಒಂದು ಊಟಕ್ಕೆ ಐದು ವಾಕ್ಯ. ಕೆಳಗೆ ಫ್ರೆಂಚ್ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಅದು ದಾರಿ ತೋರುವುದಕ್ಕಷ್ಟೆ, ಉಚ್ಚಾರವನ್ನು ಕಿವಿಯಿಂದಲೇ ಕಲಿಯಬೇಕು.

ಕನ್ನಡದಲ್ಲಿ "ಅನ್ನ ತಿಂದೆ" ಎಂದರೆ ಮುಗಿಯಿತು. ಫ್ರೆಂಚಿನಲ್ಲಿ ಅನ್ನದ ಮುಂದೆ ಏನಾದರೊಂದು ಬೇಕೇ ಬೇಕು. ಅಳತೆ ಹೇಳದೆ "ಒಂದಷ್ಟು" ಎನ್ನುವಾಗ ಪುಲ್ಲಿಂಗಕ್ಕೆ ದ್ಯು, ಸ್ತ್ರೀಲಿಂಗಕ್ಕೆ ದ ಲಾ, ಸ್ವರದಿಂದ ಶುರುವಾದರೆ ದ ಲ್, ಬಹುವಚನಕ್ಕೆ ದೇ. ಗೊತ್ತಿರುವ ಆ ಪದಾರ್ಥವೇ ಆದರೆ ಲ, ಲಾ, ಲೇ. ಈ ವ್ಯತ್ಯಾಸ ನಮಗೆ ಹೊಸದು ಎಂದು ಪಾಠ ಹೇಳುವವರು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ, ಏಕೆಂದರೆ ನಮ್ಮ ದ್ವಿತೀಯಾ ವಿಭಕ್ತಿ ಇದೇ ಕೆಲಸ ಮಾಡುತ್ತದೆ. "ಮೀನು ತಿಂದೆ" ಎಂದರೆ ಯಾವ ಮೀನು, ಎಷ್ಟು ಎಂಬುದು ಮುಖ್ಯವಲ್ಲ: ಝೆ ಮಾಂಝೇ ದ್ಯು ಪ್ವಾಸ್ಸೋಂ. "ಮೀನನ್ನು ತಿಂದೆ" ಎಂದರೆ ಮೊದಲೇ ಮಾತಿಗೆ ಬಂದಿದ್ದ ಮೀನು: ಝೆ ಮಾಂಝೇ ಲ ಪ್ವಾಸ್ಸೋಂ. ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿ ನೋಡಿ. "ಅನ್ನು" ಸಹಜವಾಗಿ ಬಂದರೆ ಲ ಗುಂಪು, ಬಾರದಿದ್ದರೆ ದ್ಯು ಗುಂಪು.

ಈ ಉಪಾಯ ಕೈಕೊಡುವ ಜಾಗವೊಂದಿದೆ. "ನನಗೆ ಮೀನು ಇಷ್ಟ" ಎಂಬಲ್ಲಿ "ಅನ್ನು" ಬರುವುದಿಲ್ಲ, ಆದರೂ ಝೆಮ್ ಲ ಪ್ವಾಸ್ಸೋಂ ಎನ್ನಬೇಕು. ಇಷ್ಟಪಡುವುದು ಒಂದಷ್ಟು ಮೀನನ್ನಲ್ಲ, ಮೀನು ಎಂಬ ಜಾತಿಯನ್ನೇ. ಇಷ್ಟ, ದ್ವೇಷ, ಹೆಚ್ಚು ಇಷ್ಟ ಎನ್ನುವ ಕ್ರಿಯಾಪದಗಳಿಗೆಲ್ಲ ಹೀಗೆಯೇ.

ನಿಷೇಧದಲ್ಲಿ ದ್ಯು, ದ ಲಾ, ದೇ ಮೂರೂ ಕರಗಿ ಬರೀ ದ ಆಗುತ್ತವೆ: ಝ ನ ಮಾಂಝ್ ಪಾ ದ ಪ್ವಾಸ್ಸೋಂ. ಆದರೆ ಲ ಕರಗುವುದಿಲ್ಲ: ಝ ನೆಮ್ ಪಾ ಲ ಪ್ವಾಸ್ಸೋಂ. ಅಳತೆ ಹೇಳಿದಾಗಲೂ ಬರೀ ದ: ಅಂ ಕಿಲೋ ದ ರೀ, ಒಂದು ಕಿಲೋ ಅಕ್ಕಿ. ಇಲ್ಲಿ "ದ್ಯು ರೀ" ಎನ್ನುವುದು ಎಲ್ಲರೂ ಮಾಡುವ ತಪ್ಪು.

ಇವೆಲ್ಲ ಒಟ್ಟಿಗೆ ಸಿಗುವುದು ನೀರುದೋಸೆಯಲ್ಲಿ. ಝ ಫೆ ತ್ರಾಂಪೇ ಅಂ ವೆರ್ ದ ರೀ ಪಾಂದಾಂ ಕಾತ್ರ್ ಅರ್: ಒಂದು ಲೋಟ ಬೆಳ್ತಿಗೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸುತ್ತೇನೆ. ಅಳತೆ ಇದೆ, ಹಾಗಾಗಿ ದ. ಝೇಗೂತ್ ಲ ರೀ: ಆ ಅಕ್ಕಿಯ ನೀರು ಬಸಿಯುತ್ತೇನೆ. ಅಕ್ಕಿ ಈಗ ಗೊತ್ತಾಗಿದೆ, ಹಾಗಾಗಿ ಲ. ಝ ಲ ಮಿಕ್ಸ್ ಆವೆಕ್ ಅಂ ದಮೀ ವೆರ್ ದ ನ್ವಾ ದ ಕೊಕೊ ರಾಪೇ: ಅರ್ಧ ಲೋಟ ತೆಂಗಿನತುರಿ ಸೇರಿಸಿ ರುಬ್ಬುತ್ತೇನೆ. ಝಾಝೂತ್ ದ ಲೋ ಎ ದ್ಯು ಸೆಲ್: ನೀರು, ಉಪ್ಪು ಹಾಕುತ್ತೇನೆ. ಎಷ್ಟೆಂದು ಹೇಳಲಿಲ್ಲ, ಹಾಗಾಗಿ ದ ಲ್ ಮತ್ತು ದ್ಯು. ಝ ವೆರ್ಸ್ ಲಾ ಪಾತ್ ದಾಂ ಲಾ ಪ್ವಾಲ್: ಹಿಟ್ಟನ್ನು ಕಾವಲಿಗೆ ಹೊಯ್ಯುತ್ತೇನೆ. ಕೊನೆಗೆ ಎರಡು ನಿಷೇಧ. ಝ ನಾಝೂತ್ ಪಾ ದ ಲವ್ಯೂರ್, ಯೀಸ್ಟ್ ಹಾಕುವುದಿಲ್ಲ. ಝ ನ ರತೂರ್ನ್ ಪಾ ಲಾ ಕ್ರೆಪ್, ದೋಸೆಯನ್ನು ಮಗುಚುವುದಿಲ್ಲ. ಯೀಸ್ಟಿಗೆ "ಅನ್ನು" ಇಲ್ಲ, ದೋಸೆಗೆ ಇದೆ. ಈ ಏಳು ವಾಕ್ಯಗಳನ್ನು ನೋಡದೆ ಹೇಳಲು ಬಂದರೆ ಉಳಿದ ಅಡುಗೆಗಳಲ್ಲಿ ಬದಲಾಗುವುದು ಹೆಸರು ಮಾತ್ರ.

ನಮ್ಮ ತಿಂಡಿಗಳಿಗೆ ಫ್ರೆಂಚ್ ಹೆಸರು ಹುಡುಕುತ್ತಾ ಕೂರಬೇಡಿ. ಕನ್ನಡದ ಅಥವಾ ತುಳುವಿನ ಹೆಸರನ್ನೇ ಹೇಳಿ, ಹಿಂದೆಯೇ ವಿವರಣೆ ಕೊಡಿ. ಅದಕ್ಕೆ ಮೂರು ತುಂಡು ಸಾಕು: ಸೆತ್ ಯೂನ್ ಸೋರ್ತ್ ದ, ಒಂದು ಬಗೆಯ, ಆ ಬಾಜ಼್ ದ, ಇಂಥದರಿಂದ ಮಾಡಿದ್ದು, ಓಂ ಲ ಮಾಂಝ್ ಆವೆಕ್, ಇದನ್ನು ಇಂಥದರ ಜೊತೆ ತಿನ್ನುತ್ತೇವೆ. ಹಲಸಿನೆಲೆಯ ಕಡುಬಿಗೆ "ಹಬೆಯಲ್ಲಿ ಬೇಯಿಸಿದ್ದು" ಎನ್ನುವ ಕ್ಯುಯಿ ಆ ಲಾ ವಾಪರ್ ಸೇರಿಸಿದರೆ ಆಯಿತು. ಪದಾರ್ಥದ ರುಚಿ ಯಾವುದರಿಂದ ಬಂತು ಎಂದು ಹೇಳಲು ಓ, ಆ ಲಾ, ಓ ಎಂಬ ಕೊಂಡಿಗಳಿವೆ. ಮೊದಲ ಓ ಪುಲ್ಲಿಂಗಕ್ಕೆ, ಕೊನೆಯದು ಬಹುವಚನಕ್ಕೆ, ಕೇಳಲು ಎರಡೂ ಒಂದೇ. ಬಂಗುಡೆ ಪುಳಿಮುಂಚಿಗೆ ಮಾಕ್ರೋ ಓ ತಾಮಾರ್‍ಯಾಂ ಎ ಓ ಪಿಮಾಂ, ಹುಣಸೆ ಮತ್ತು ಮೆಣಸಿನ ಬಂಗುಡೆ. ಪುಳಿ ಎಂದರೆ ಹುಳಿ, ಮುಂಚಿ ಎಂದರೆ ಮೆಣಸು; ತುಳು ಹೆಸರಲ್ಲೇ ಅಡಗಿದ್ದ ಅರ್ಥ ಅಕ್ಷರಶಃ ಹೊರಬಂದಿತು. ಅನಾನಸು ಫ್ರೆಂಚಿನಲ್ಲೂ ಅನಾನಸೇ.

ಉಪ್ಪಿನಕಾಯಿಗೆ ಪ್ರಿಸರ್ವೇಟಿವ್ ಹಾಕಿಲ್ಲ ಎನ್ನಲು ಹೋಗಿ ಇಂಗ್ಲಿಷ್ ಪದವನ್ನೇ ಫ್ರೆಂಚ್ ಮಾಡಿ "ಪ್ರೆಜ಼ೆರ್ವಾತೀಫ್" ಎನ್ನಬೇಡಿ. ಅದರ ಅರ್ಥ ಕಾಂಡೋಮ್. ಸರಿಯಾದ ಮಾತು ಸಾಂ ಕೋಂಸೆರ್ವಾತರ್.

ಉಚ್ಚಾರದಲ್ಲಿ ಕರಾವಳಿಯವರು ಮೊದಲು ಸರಿಪಡಿಸಿಕೊಳ್ಳಬೇಕಾದ್ದು ಪ್ವಾಸ್ಸೋಂ. ಸ ಗಟ್ಟಿಯಾಗಿ ಇದ್ದರೆ ಮೀನು. ಅದು ಜ಼ ಆಗಿ ಪ್ವಾಜ಼ೋಂ ಎಂದರೆ ವಿಷ. ಎರಡನೆಯದು ದ್ಯು. ಇದರಲ್ಲಿ ಯಕಾರ ಇಲ್ಲವೇ ಇಲ್ಲ, ಲಿಪಿಯಲ್ಲಿ ಬೇರೆ ದಾರಿ ಇಲ್ಲದೆ ಹೀಗೆ ಬರೆದದ್ದು. ನಾಲಗೆಯನ್ನು "ಈ" ಎನ್ನುವ ಜಾಗದಲ್ಲೇ ಇಟ್ಟು, ತುಟಿಯನ್ನು ಮಾತ್ರ "ಊ" ಎನ್ನುವಂತೆ ಮುಂದೆ ಮಾಡಿ. ನಾಲಗೆ ಹಿಂದೆ ಸರಿದರೆ "ದೂ" ಆಗುತ್ತದೆ. ಮೊಟ್ಟೆಗೂ ಗಮನ ಬೇಕು: ಒಂದಾದರೆ ಅಂನಫ್, ಹಲವಾದರೆ ದೇಜ಼ ಎನ್ನುತ್ತಾರೆ, ಕೊನೆಯ ಫ್ ಬಿದ್ದುಹೋಗುತ್ತದೆ.

ಮನೆಯವರ ಜೊತೆ ಉಣ್ಣುವುದನ್ನು ಹೇಳಲು "ನಾವು" ಎಂಬುದಕ್ಕೆ ನೂ ಬದಲು ಓಂ ಬಳಸಿ. ಮಾತಿನಲ್ಲಿ ಅವರೂ ಅದನ್ನೇ ಹೆಚ್ಚು ಬಳಸುತ್ತಾರೆ, ಕ್ರಿಯಾಪದದ ರೂಪವೂ ಸುಲಭ. ಎಲೆ ಊಟವನ್ನು ವರ್ಣಿಸುವಾಗ ಅವರ ಆಂತ್ರೇ, ಪ್ಲಾ, ದೆಸ್ಸೆರ್, ಅಂದರೆ ಶುರುವಿನ ತಿನಿಸು, ಮುಖ್ಯ ಊಟ, ಕೊನೆಯ ಸಿಹಿ ಎಂಬ ಮೂರು ಹಂತಕ್ಕೆ ತುರುಕಬೇಡಿ. ಉಡುಪಿಯ ಎಲೆಯಲ್ಲಿ ಪಾಯಸದ ನಂತರವೂ ಮಜ್ಜಿಗೆ ಅನ್ನ ಇರುತ್ತದೆ, ಅದನ್ನು ದೆಸ್ಸೆರ್ ಎನ್ನಲಾಗದು. ದಾಬೋರ್, ಆಂಸ್ವಿತ್, ಆ ಲಾ ಫ್ಯಾಂ, ಅಂದರೆ ಮೊದಲು, ಆಮೇಲೆ, ಕೊನೆಗೆ ಎಂದರೆ ನಮ್ಮ ಕ್ರಮ ನೇರವಾಗಿ ಬರುತ್ತದೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರೂ ಓಂಕ್ಲ್. ಬೇರೆ ಮಾಡಲೇಬೇಕಾದರೆ ಲ ಫ್ರೆರ್ ಎನೇ ದ ಮೋಂ ಪೆರ್, ಅಪ್ಪನ ಅಣ್ಣ ಎನ್ನಬೇಕು. ಅಜ್ಜಿಗೆ ನಾವು "ನೀವು" ಎಂದರೂ ಫ್ರೆಂಚ್ ಮನೆಗಳಲ್ಲಿ ಸಾಮಾನ್ಯವಾಗಿ ಅಜ್ಜಿಗೂ ತ್ಯು, ಅಂದರೆ ನೀನು. ಅದರಲ್ಲಿ ಅಗೌರವವಿಲ್ಲ. ಸ್ನೇಹಿತರ ಅಮ್ಮನನ್ನು ಮೊದಲ ಸಲ ಕಂಡಾಗ ಮಾತ್ರ ವೂ, ಅಂದರೆ ನೀವು.

ಬಡಿಸುವಾಗ ಬರೀ ಮೆರ್ಸಿ ಎಂದರೆ ಬೇಡ ಎಂದುಕೊಳ್ಳುವ ಸಂಭವವಿದೆ. ಬೇಕಿದ್ದರೆ ವಿ, ವೊಲೋಂತಿಯೇ ಎನ್ನಿ. ಸಾಕಿದ್ದರೆ ನೋಂ ಮೆರ್ಸಿ, ಝೆ ತ್ರೆ ಬಿಯ್ಯಾಂ ಮಾಂಝೇ, ಚೆನ್ನಾಗಿ ಉಂಡೆ. "ಹೊಟ್ಟೆ ತುಂಬಿತು" ಎಂಬುದನ್ನು ಹಾಗೇ ತಿರುಗಿಸಿ ಝ ಸ್ವಿ ಪ್ಲ್ಯಾಂ ಎನ್ನಬಾರದು, ಕುಡಿದು ಅಮಲೇರಿದೆ ಎಂಬ ಅರ್ಥವೂ ಬರುತ್ತದೆ. "ಎಷ್ಟು ದೋಸೆ?" ಎಂದರೆ ನಮಗೆ "ಮೂರು ತಿಂದೆ" ಸಾಕು. ಅವರಿಗೆ "ಅದರಲ್ಲಿ" ಎನ್ನುವ ಆಂ ಇರಲೇಬೇಕು: ಝಾನೆ ಮಾಂಝೇ ತ್ರ್ವಾ. ಇನ್ನು, "ಊಟ ಆಯ್ತಾ?" ಎಂಬ ನಮ್ಮ ಕುಶಲದ ಮಾತು ಅಲ್ಲಿ ನಿಜವಾದ ಪ್ರಶ್ನೆ. ದಾರಿಯಲ್ಲಿ ಸಿಕ್ಕವರಿಗೆ ಕೇಳಿದರೆ ಊಟಕ್ಕೆ ಕರೆಯುತ್ತಿದ್ದೀರಿ ಎಂದುಕೊಂಡಾರು.

ಫ್ರಾನ್ಸಿನಲ್ಲಿ ದೇಝನೇ ಮಧ್ಯಾಹ್ನದ್ದು, ದೀನೇ ರಾತ್ರಿಯದು. ಕೆನಡಾದ ಕ್ವಿಬೆಕ್, ಬೆಲ್ಜಿಯಂ, ಸ್ವಿಟ್ಜರ್ಲೆಂಡ್‌ಗಳಲ್ಲಿ ದೇಝನೇ ಬೆಳಗಿನದು, ದೀನೇ ಮಧ್ಯಾಹ್ನದ್ದು, ರಾತ್ರಿಯದು ಸೂಪೇ. ಕೆನಡಾಕ್ಕೆಂದು ಕಲಿಯುವವರು ಈ ಎರಡನೆಯ ಸಾಲನ್ನೇ ಕಲಿಯಲಿ.

ಡೆಲ್ಫ್ ಎ-1, ಅಂದರೆ ಫ್ರೆಂಚ್ ಕಲಿಕೆಯ ಮೊದಲ ಹಂತದ ಪರೀಕ್ಷೆಗೆ ಕೂರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಒಟ್ಟು 100 ಅಂಕದಲ್ಲಿ ಮಾತಿಗೆ 25, ತಯಾರಿಗೆ 10 ನಿಮಿಷ, ಮಾತಿಗೆ 5ರಿಂದ 7 ನಿಮಿಷ. ಮೂರನೆಯ ಭಾಗದಲ್ಲಿ ಅಂಗಡಿಯಲ್ಲಿ ಕೊಳ್ಳುವಂತೆ ಸಂಭಾಷಣೆ ಬರಬಹುದು. ಅಲ್ಲಿ ಝ ವೂದ್ರೆ, ನನಗೆ ಬೇಕಿತ್ತು, ಎಂದು ಶುರುಮಾಡಿ ಅಳತೆ ಹೇಳಿ, ಸಾ ಫೆ ಕೋಂಬಿಯ್ಯಾಂ ಎಂದು ಬೆಲೆ ಕೇಳಿ. ಮನೆಯ ಸಾಮಾನಿನ ಚೀಟಿಯನ್ನೇ ವಾರಕ್ಕೊಮ್ಮೆ ಹೀಗೆ ಜೋರಾಗಿ ಓದಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಮರುದಿನ ಕೇಳುವಾಗ ಒಂದನ್ನು ಮಾತ್ರ ಗಮನಿಸಿ: ಕಿಲೋ, ಲೀಟರುಗಳ ಹಿಂದೆ ದ ಬಂದಿದೆಯೋ, ದ್ಯು ಬಂದಿದೆಯೋ.