ಸಹಿ ಕೊನೆಗೆ, ಕಿಂಡಿ ಮೊದಲು: ಜಪಾನಿ ತ್ಸುಬಾಗಳ ಜೊತೆ ನನ್ನ ಅನುಭವ

ಈಗ ನನ್ನ ಕೈಯಲ್ಲಿ ಒಂದು ಕಬ್ಬಿಣದ ಬಿಲ್ಲೆ ಇದೆ. ಎತ್ತರ 7.6 ಸೆಂ.ಮೀ., ಅಂಚಿನ ದಪ್ಪ 5 ಮಿ.ಮೀ. ನಟ್ಟನಡುವೆ ಬುಡ ಅಗಲ, ತುದಿ ಚೂಪಾಗಿರುವ ಒಂದು ಉದ್ದ ಕಿಂಡಿ. ಅದರ ಸುತ್ತ ಹಾರುತ್ತಿರುವ ಬಾತುಗಳು. ಬಾತುಗಳನ್ನು ಕೆತ್ತಿದ್ದಲ್ಲ. ಅವುಗಳ ಆಕಾರವನ್ನು ಉಳಿಸಿಕೊಂಡು ಮಿಕ್ಕ ಕಬ್ಬಿಣವನ್ನು ಕೊರೆದು ತೆಗೆದಿದ್ದಾರೆ. ಜಪಾನಿ ಕತ್ತಿಯ ಅಲಗಿಗೂ ಹಿಡಿಗೂ ನಡುವೆ ಕೂರುವ ಈ ಬಿಲ್ಲೆಗೆ ತ್ಸುಬಾ ಅಂತ ಹೆಸರು. ಅಲಗಿನ ಹಿಂಬದಿ ತುದಿ ಆ ಕಿಂಡಿಯ ಮೂಲಕ ಹಾದು ಹಿಡಿಯೊಳಗೆ ಹೋಗುತ್ತದೆ. ಕೈ ಜಾರಿ ಅಲಗಿನ ಮೇಲೆ ಹೋಗದಂತೆ ಇದು ತಡೆಯುತ್ತದೆ.

ಕೆಲಸಕ್ಕೆಂದು ಟೋಕಿಯೊಗೆ ಬಂದ ಮೊದಲ ಚಳಿಗಾಲದಲ್ಲಿ ಉಯೆನೊದ ರಾಷ್ಟ್ರೀಯ ಮ್ಯೂಸಿಯಂಗೆ ಹೋಗಿದ್ದೆ. ಎಲ್ಲರೂ ಅಲಗುಗಳ ಮುಂದೆ ನಿಂತಿದ್ದರು. ನಾನು ಪಕ್ಕದ ಪೆಟ್ಟಿಗೆಯಲ್ಲಿದ್ದ ತ್ಸುಬಾಗಳನ್ನು ನೋಡುತ್ತಾ ಅಲ್ಲೇ ಉಳಿದುಬಿಟ್ಟೆ. ಅಂಗೈಯಷ್ಟೂ ಇಲ್ಲದ ಜಾಗದಲ್ಲಿ ಮಳೆ, ಸೇತುವೆ, ಚಂದ್ರ! ಕತ್ತಿ ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಅದಕ್ಕೆ ನೋಂದಣಿ ಪತ್ರವೂ ಬೇಕು. ಬಿಡಿ ತ್ಸುಬಾಗೆ ಅದೇನೂ ಬೇಡ. ಇಷ್ಟೊಂದು ಬಿಡಿಯಾಗಿ ಸಿಗುವುದಕ್ಕೂ ಕಾರಣ ಇದೆ. 1876ರಲ್ಲಿ ಮೇಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಎಷ್ಟೋ ಸಮುರಾಯ್ ಮನೆಗಳ ಕತ್ತಿಗಳು ಬಿಚ್ಚಿಹೋದವು, ಅವುಗಳ ಲೋಹದ ಕುಸುರಿ ಯುರೋಪು, ಅಮೆರಿಕದ ಸಂಗ್ರಹಗಳಿಗೆಲ್ಲ ಹರಿದುಹೋಯಿತು.

ನನ್ನ ಮೊದಲ ಖರೀದಿಯೇ ತಪ್ಪಾಯಿತು. ಒಂದು ಬಯಲು ಸಂತೆಯಲ್ಲಿ 30,000 ಯೆನ್ ಕೊಟ್ಟು ತಂದಿದ್ದೆ. ಅದರ ಮೇಲೆ ನೊಬುಇಯೆ ಅಂತ ಸಹಿ ಇತ್ತು. ನೊಬುಇಯೆ 16ನೇ ಶತಮಾನದ ದೊಡ್ಡ ಕಬ್ಬಿಣ ಕುಶಲಿ. ಆ ಸಹಿ ನೋಡಿದ್ದೇ ತಡ, ಉಳಿದದ್ದೇನೂ ನನ್ನ ಕಣ್ಣಿಗೆ ಬೀಳಲಿಲ್ಲ. ತಿಂಗಳಿಗೊಮ್ಮೆ ಸೇರುವ ಅಭ್ಯಾಸ ಕೂಟಕ್ಕೆ ಅದನ್ನು ತೆಗೆದುಕೊಂಡು ಹೋದೆ. ಅಲ್ಲಿಯ ಹಿರಿಯರೊಬ್ಬರು ಬೆರಳಿನಿಂದ ಸಹಿಯನ್ನು ಮುಚ್ಚಿ, ತ್ಸುಬಾವನ್ನು ನನ್ನ ಕಡೆ ತಿರುಗಿಸಿ ಹಿಡಿದರು. "ಈಗ ನೋಡಿ, ಏನು ಕಾಣುತ್ತದೆ?"

ಭೂತಗನ್ನಡಿ ಹಿಡಿದು ಕೊರೆದ ಜಾಗಗಳ ಒಳಗೋಡೆ ನೋಡಿದೆ. ಕೈಯಿಂದ ಮಾಡಿದ್ದರೆ ಅಲ್ಲಿ ಅರದ ಗೀರು ಇರಬೇಕಿತ್ತು. ಇದರಲ್ಲಿ ರವೆಯಂಥ ತರಿ, ಸಣ್ಣ ಸಣ್ಣ ಗುಳಿ. ಒಂದು ಕಡೆ ಅಚ್ಚಿನ ಎರಡು ಭಾಗ ಸೇರಿದ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಎರಕ ಹೊಯ್ದದ್ದು. ಬಡಿದು ಮಾಡಿದ್ದಲ್ಲ. ಹಿರಿಯರು ಬೈಯಲಿಲ್ಲ, ನಗಲಿಲ್ಲ. "ನೊಬುಇಯೆ ಹೆಸರನ್ನು ಎಷ್ಟೋ ಜನ ಕೊರೆದಿದ್ದಾರೆ. ಕಿಂಡಿಯಿಂದ ಶುರುಮಾಡಿ, ಸಹಿ ಕೊನೆಗೆ" ಅಂದರು. ಅವತ್ತಿನಿಂದ ನಾನು ಹಾಗೇ ನೋಡುತ್ತಾ ಬಂದಿದ್ದೇನೆ.

ಬಾತುಗಳ ತ್ಸುಬಾ ಸಿಕ್ಕಿದ್ದು ಅದಾಗಿ ಒಂದು ವರ್ಷಕ್ಕೆ. ಕತ್ತಿ ವ್ಯಾಪಾರಿಗಳ ಮೇಳದಲ್ಲಿ, ಒಂದು ರಟ್ಟಿನ ಡಬ್ಬದ ತಳದಲ್ಲಿ, ಮೈಯೆಲ್ಲ ಕೆಂಪು ತುಕ್ಕು ಹಿಡಿದು ಬಿದ್ದಿತ್ತು. ಸಹಿ ಇರಲಿಲ್ಲ. ಬೆಲೆ 25,000 ಯೆನ್. ಮೊದಲು ಕಿಂಡಿ ನೋಡಿದೆ. ಅದರ ಮೇಲಿನ ತುದಿಯಲ್ಲೂ ಕೆಳಗಿನ ತುದಿಯಲ್ಲೂ ತಾಮ್ರದ ಸಣ್ಣ ತುಂಡು ಬಡಿದು ಕೂರಿಸಿದ್ದರು. ಒಂದು ಅಲಗಿನಿಂದ ತೆಗೆದು ಇನ್ನೊಂದಕ್ಕೆ ಹಾಕುವಾಗ ತ್ಸುಬಾ ಅಲುಗಾಡಬಾರದು, ಅದಕ್ಕೆ ಈ ತಾಮ್ರ. ಕಿಂಡಿಯ ಅಂಚಿನಲ್ಲಿ ಉಳಿಯ ಏಟುಗಳೂ ಇದ್ದವು. ಕಬ್ಬಿಣವನ್ನು ಒಳಕ್ಕೆ ಒತ್ತಿ ಬಿಗಿ ಮಾಡಿದ ಗುರುತು ಅದು. ಕಿಂಡಿಯ ಪಕ್ಕ, ಕತ್ತಿಯ ಒರೆಗೆ ಸಿಕ್ಕಿಸುವ ಚಿಕ್ಕ ಚಾಕು ತೂರಲು ಇರುವ ತೂತನ್ನು ಯಾರೋ ಸೀಸ ತುಂಬಿ ಮುಚ್ಚಿದ್ದರು. ಕಿಂಡಿಯ ಸುತ್ತ ಮೊಟ್ಟೆಯಾಕಾರದ ಒಂದು ಮಸುಕು ಗುರುತು. ತ್ಸುಬಾದ ಎರಡೂ ಬದಿಗೆ ಸೆಪ್ಪಾ ಅನ್ನುವ ತೆಳು ತಗಡಿನ ವಾಷರ್ ಇರುತ್ತದೆ. ಅದು ವರ್ಷಗಟ್ಟಲೆ ಒತ್ತಿಕೊಂಡು ಕೂತ ಜಾಗ ಅದು. ಅಂದರೆ ಇದು ನಿಜವಾದ ಕತ್ತಿಯ ಮೇಲೆ ಬದುಕಿದೆ. ಒಂದಲ್ಲ, ಬಹುಶಃ ಎರಡು ಮೂರು ಕತ್ತಿಗಳ ಮೇಲೆ. ಚೌಕಾಸಿ ಮಾಡದೆ ದುಡ್ಡು ಕೊಟ್ಟೆ.

ತುಕ್ಕು ತೆಗೆಯಲು ಮೂರು ತಿಂಗಳು ಹಿಡಿಯಿತು. ಹೊಸಬರಿಗೆ ಇಲ್ಲಿ ಕೈಮುಗಿದು ಹೇಳುತ್ತೇನೆ: ಉಪ್ಪುಕಾಗದ, ತಂತಿ ಬ್ರಷ್, ಅಂಗಡಿಯಲ್ಲಿ ಸಿಗುವ ತುಕ್ಕು ತೆಗೆಯುವ ದ್ರಾವಣ, ಯಾವುದನ್ನೂ ಮುಟ್ಟಬೇಡಿ. ಮೇಲಿನ ಕೆಂಪು ತುಕ್ಕಿನಡಿ ಒಂದು ಕಪ್ಪು ಪದರ ಇರುತ್ತದೆ. ಕುಶಲಿ ಬೇಕೆಂದೇ ತಂದ ಬಣ್ಣ ಅದು, ಕಾಲ ಅದನ್ನು ಗಟ್ಟಿ ಮಾಡಿರುತ್ತದೆ. ಆ ಕಪ್ಪು ಹೋಯಿತೆಂದರೆ ಮತ್ತೆ ಬರಲ್ಲ. ನಾನು ಬಳಸಿದ್ದು ಚೂಪು ಮಾಡಿದ ಜಿಂಕೆ ಕೊಂಬಿನ ತುಂಡು ಮತ್ತು ಹಳೆಯ ಹತ್ತಿ ಬಟ್ಟೆ, ಅಷ್ಟೇ. ಕೊಂಬು ಕಬ್ಬಿಣಕ್ಕಿಂತ ಮೆತ್ತಗೆ. ಕೆಂಪು ಪುಡಿಯಾಗಿ ಉದುರುತ್ತದೆ, ಕಪ್ಪು ಉಳಿಯುತ್ತದೆ. ದಿನಾ ರಾತ್ರಿ ಊಟ ಆದಮೇಲೆ ಅರ್ಧ ಗಂಟೆ, ಬೆರಳಗಲದಷ್ಟು ಜಾಗ. ಅವಸರ ಮಾಡಿದ ದಿನ ಬೆರಳಿಗೇ ಗೊತ್ತಾಗುತ್ತಿತ್ತು, ಕೆಳಗಿಟ್ಟುಬಿಡುತ್ತಿದ್ದೆ.

ಎರಡನೇ ತಿಂಗಳಲ್ಲಿ ಅಂಚಿನ ಮೇಲೆ ಹೆಬ್ಬೆರಳು ಆಡಿಸುವಾಗ ಸಣ್ಣ ಗಂಟುಗಳು ತಾಗಿದವು. ಜಪಾನಿಯಲ್ಲಿ ಅವಕ್ಕೆ ತೆಕ್ಕೊತ್ಸು ಅನ್ನುತ್ತಾರೆ, ಕಬ್ಬಿಣದ ಮೂಳೆ. ಮಡಿಸಿ ಮಡಿಸಿ ಬಡಿದ ಕಬ್ಬಿಣದಲ್ಲಿ ಗಟ್ಟಿ ಭಾಗ, ಮೆದು ಭಾಗ ಎರಡೂ ಇರುತ್ತವೆ. ಗಟ್ಟಿ ಇದ್ದದ್ದು ಉಬ್ಬಿ ನಿಲ್ಲುತ್ತದೆ. ಚಹಾ ಆರಿಹೋಗಿತ್ತು. ನಾನು ಕಣ್ಣು ಮುಚ್ಚಿ ಆ ಅಂಚನ್ನು ಸುತ್ತುತ್ತಲೇ ಕೂತಿದ್ದೆ.

ಕಬ್ಬಿಣ ಬಿಟ್ಟರೆ ನನ್ನನ್ನು ಹಿಡಿದಿಟ್ಟ ಲೋಹ ಶಕುದೊ. ತಾಮ್ರಕ್ಕೆ ಸ್ವಲ್ಪ, ನೂರಕ್ಕೆ ನಾಲ್ಕೈದು ಪಾಲಿನಷ್ಟು, ಚಿನ್ನ ಸೇರಿಸಿದ ಮಿಶ್ರಲೋಹ. ಹೊಳಪು ಕೊಟ್ಟಾಗ ಬರೀ ತಾಮ್ರದ ಹಾಗೆ ಕಾಣುತ್ತದೆ. ತುರಿದ ಮೂಲಂಗಿ ಸವರಿ, ರೊಕುಶೊ ಅನ್ನುವ ತಾಮ್ರದ ಉಪ್ಪು ಬೆರೆಸಿದ ನೀರಿನಲ್ಲಿ ಕುದಿಸಿದರೆ ನೇರಳೆ ಹಣ್ಣಿನಂಥ ಕಪ್ಪು ಬರುತ್ತದೆ. ಅದರ ಮೇಲೆ ಕೂರಿಸಿದ ಚಿನ್ನಕ್ಕೆ ಮಾತ್ರ ಏನೂ ಆಗುವುದಿಲ್ಲ. ಇದನ್ನು ಮೊದಲ ಸಲ ಕೇಳಿದಾಗ ನನಗೆ ಊರು ನೆನಪಾಯಿತು. ನಾನು ಬೀದರಿನವನು. ಬಿದರಿ ಕೆಲಸದವರು ಹಳೇ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಪಾತ್ರೆಗೆ ಸವರುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಅಲ್ಲಿರುವುದು ಹೆಚ್ಚಾಗಿ ಸತು, ಇಲ್ಲಿ ತಾಮ್ರ. ಆದರೆ ನೆಲ ಕಪ್ಪಾಗಬೇಕು, ಬೆಳ್ಳಿ ಬಂಗಾರ ಹಾಗೇ ಉಳಿಯಬೇಕು ಅನ್ನುವ ಆಸೆ ಎರಡೂ ಕಡೆ ಒಂದೇ ಅಲ್ವಾ?

ನನ್ನ ಹತ್ತಿರ ಒಂದೇ ಒಂದು ಶಕುದೊ ಕೊಝುಕಾ ಇದೆ, ಆ ಚಿಕ್ಕ ಚಾಕುವಿನ ಹಿಡಿ. ಅದರ ನೆಲಕ್ಕೆ ನಾನಾಕೊ ಹೊಡೆದಿದ್ದಾರೆ, ಮೀನಿನ ಮೊಟ್ಟೆಯಂಥ ಕಾಳುಗಳು. ತುದಿ ಬಟ್ಟಲಿನಂತಿರುವ ಉಳಿಯಿಂದ ಒಂದೊಂದು ಕಾಳಿಗೂ ಒಂದೊಂದು ಏಟು. 1 ಸೆಂ.ಮೀ. ಸಾಲಿನಲ್ಲಿ ಎಣಿಸಿದೆ, 20ಕ್ಕಿಂತ ಜಾಸ್ತಿ ಇವೆ. ಸಾಲು ಎಲ್ಲೂ ಸೊಟ್ಟಗಿಲ್ಲ. 15ನೇ ಶತಮಾನದ ಯೂಜೊನಿಂದ ಶುರುವಾಗಿ 17 ತಲೆಮಾರು ನಡೆದ ಗೊತೊ ಮನೆತನ ಹೆಸರು ಮಾಡಿದ್ದೇ ಈ ರೀತಿಯ ಕೆಲಸದಲ್ಲಿ. ನನ್ನದು ಗೊತೊ ಅಲ್ಲ, ಆ ದಾರಿ ಹಿಡಿದ ಯಾರೋ ಮಾಡಿದ್ದು. ನನಗೆ ಅಷ್ಟು ಸಾಕು.

ಒಂದೊಂದು ತುಣುಕನ್ನೂ ತೆಳು ಕಾಗದದ ಕೆಳಗಿಟ್ಟು, ಮೇಲೆ ಮಸಿ ತಿಕ್ಕಿ ಅಚ್ಚು ತೆಗೆಯುತ್ತೇನೆ. ಅದನ್ನು ನೋಟ್‌ಬುಕ್ಕಿಗೆ ಅಂಟಿಸಿ ಪಕ್ಕದಲ್ಲಿ ಅಳತೆ, ಕಿಂಡಿ, ಅಂಚು, ಒಳಗೋಡೆ ಅಂತ ಬರೆಯುತ್ತೇನೆ. ಯಾವ ಪಂಥದ್ದು, ಅಂದರೆ ಯಾವ ಕುಶಲಿಗಳ ಪರಂಪರೆಯದು, ಅನ್ನುವ ನನ್ನ ಊಹೆ ಕೊನೆಯ ಸಾಲಿನಲ್ಲಿ. ಬಾತುಗಳ ತ್ಸುಬಾಗೆ "ಅಕಸಾಕಾ" ಎಂದು ಬರೆದಿದ್ದೆ. ದುಂಡಗಿನ ಅಂಚು ನೋಡಿ ನನಗೆ ಗಟ್ಟಿ ನಂಬಿಕೆ ಬಂದಿತ್ತು. ಆಮೇಲೆ ಅದನ್ನು ಪರೀಕ್ಷೆಗೆ ಎನ್‌ಬಿಟಿಎಚ್‌ಕೆಗೆ ಕೊಟ್ಟೆ. ಜಪಾನಿ ಕತ್ತಿಗಳ ಸಂರಕ್ಷಣೆಗೆಂದು 1948ರಲ್ಲಿ ಶುರುವಾದ ಸಂಘ ಅದು, ರ್‍ಯೊಗೊಕುವಿನ ಕತ್ತಿ ಮ್ಯೂಸಿಯಂ ನಡೆಸುವವರೂ ಅವರೇ. ಕೆಲವು ತಿಂಗಳ ಮೇಲೆ ಹೊಝೊನ್ ದರ್ಜೆಯ ಪತ್ರ ಬಂತು. ಉಳಿಸಿಕೊಳ್ಳಲು ಯೋಗ್ಯ ಅಂತ ಅದರ ಅರ್ಥ. ಪಂಥದ ಜಾಗದಲ್ಲಿ "ಶೊಆಮಿ" ಎಂದಿತ್ತು.

ನೋಟ್‌ಬುಕ್ಕಿನಲ್ಲಿ ನನ್ನ ಊಹೆಯನ್ನು ಹೊಡೆದುಹಾಕಲಿಲ್ಲ. ಕೆಳಗೆ ಕೆಂಪು ಶಾಯಿಯಲ್ಲಿ ಶೊಆಮಿ ಎಂದು ಬರೆದೆ. ಈಗ ಅಕಸಾಕಾ ತ್ಸುಬಾ ಎಲ್ಲೇ ಪ್ರದರ್ಶನಕ್ಕೆ ಬಂದರೂ ಆ ಪುಟ ತೆರೆದುಕೊಂಡು ಗಾಜಿನ ಮುಂದೆ ನಿಲ್ಲುತ್ತೇನೆ. ಮೊದಲು ಕಿಂಡಿ, ಆಮೇಲೆ ಅಂಚು.