ಮೂಕಿ ಮೇಲೇಳದಿರಲಿ: ಟ್ರೇಲರ್‌ನಲ್ಲಿ ಮಿನಿ ಟ್ರ್ಯಾಕ್ಟರ್ ಸಾಗಿಸುವುದು ಹೇಗೆ?

ಎತ್ತಿನ ಗಾಡಿ ಹೂಡಿದವರಿಗೆ ಇದು ಗೊತ್ತು. ಹಿಂದೆ ಭಾರ ಜಾಸ್ತಿಯಾದರೆ ಮೂಕಿ, ಅಂದರೆ ಗಾಡಿಯಿಂದ ನೊಗದವರೆಗೆ ಚಾಚಿದ ಉದ್ದನೆಯ ಮರ, ಮೇಲೇಳುತ್ತದೆ, ನೊಗ ಎದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂದೆ ಜಾಸ್ತಿಯಾದರೆ ಎತ್ತಿನ ಹೆಗಲು ಸೋಲುತ್ತದೆ. ಎರಡು ಗಾಲಿಯ ಟ್ರ್ಯಾಕ್ಟರ್ ಟ್ರೇಲರ್ ಕೂಡ ಅದೇ ಗಾಡಿ. ಎತ್ತಿನ ಜಾಗದಲ್ಲಿ ಟ್ರ್ಯಾಕ್ಟರ್ ನಿಂತಿದೆ, ಅಷ್ಟೇ.

ಅಡಿಕೆ, ದ್ರಾಕ್ಷಿ ತೋಟಗಳಿಗೆ ಮಿನಿ ಟ್ರ್ಯಾಕ್ಟರನ್ನು ಬಾಡಿಗೆಗೆ ಒಯ್ಯುವವರು ಅದನ್ನು ಗೊಬ್ಬರದ ಟ್ರೇಲರ್‌ಗೇ ಹತ್ತಿಸುತ್ತಾರೆ. ಗೊಬ್ಬರದ ಭಾರ ಎಲ್ಲ ಕಡೆ ಹರಡಿರುತ್ತದೆ, ಅಲ್ಲಾಡುವುದಿಲ್ಲ. ಮಿನಿ ಟ್ರ್ಯಾಕ್ಟರ್ ಹಾಗಲ್ಲ. ಹಿಂದೆ ಕಟ್ಟುವ ಮಣ್ಣು ಪುಡಿ ಮಾಡುವ ರೋಟವೇಟರ್ ಸಮೇತ ಒಂದು ಟನ್ ಆಸುಪಾಸು ತೂಗುತ್ತದೆ, ಆ ಭಾರವೆಲ್ಲ ನಾಲ್ಕು ಗಾಲಿ ಊರಿದ ಕಡೆಯೇ ಬೀಳುತ್ತದೆ. ಸಾಲದ್ದಕ್ಕೆ ಅದು ಉರುಳುತ್ತದೆ. ಅದಕ್ಕೇ ಟ್ರೇಲರ್‌ನಲ್ಲಿ ಕೆಲವು ಬದಲಾವಣೆ ಬೇಕು.

ಮೊದಲು ಲೆಕ್ಕ, ಆಮೇಲೆ ವೆಲ್ಡಿಂಗ್

ಟ್ರೇಲರ್‌ನ ಆರ್‌ಸಿ ತೆಗೆದು ಒಟ್ಟು ತೂಕ ಎಷ್ಟಿದೆ ನೋಡಿ. ಅದರಲ್ಲಿ ಖಾಲಿ ಟ್ರೇಲರ್ ತೂಕ ಕಳೆದರೆ ಉಳಿಯುವುದೇ ನೀವು ಹೇರಬಹುದಾದ ಭಾರ. 10 ಅಡಿ ಉದ್ದ, 6 ಅಡಿ ಅಗಲದ ತಳಕ್ಕೆ 5 ಎಂ.ಎಂ. ಚೆಕರ್ಡ್ ಪ್ಲೇಟ್ (ಉಬ್ಬುಗೆರೆ ಇರುವ ಉಕ್ಕಿನ ಹಾಳೆ) ಹಾಕಿಸಿದರೆ ಆ ಪ್ಲೇಟೇ ಸುಮಾರು 230 ಕೆ.ಜಿ. ಇರುತ್ತದೆ. ‘ಪ್ಲೇಟ್ ಹಾಕಿಸಿದ್ದೇನೆ, ಇನ್ನು ಜಾಸ್ತಿ ಹೇರಬಹುದು’ ಅನ್ನುವವರನ್ನು ಕೇಳಿದ್ದೇನೆ. ಆಗುವುದು ಉಲ್ಟಾ. ಆಕ್ಸಲ್, ಬೇರಿಂಗ್, ಟೈರ್ ಹಳೆಯವೇ ತಾನೆ? ಹೇರುವ ಭಾರದಲ್ಲಿ 230 ಕೆ.ಜಿ. ಕಡಿಮೆಯಾಯಿತು.

ಟ್ರೇಲರ್ ಉದ್ದ ಮಾಡಿಸುವುದು, ಆಕ್ಸಲ್ ಬದಲಿಸುವುದು ಬೇಡ. ಆರ್‌ಸಿಯ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಅನುಮಾನ ಇದ್ದರೆ ಕೆಲಸ ಶುರು ಮಾಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ.

ಪ್ಲೇಟ್ ಹಾಕುವ ಮೊದಲು ಹಳೆಯ ಬಣ್ಣ, ತುಕ್ಕು ಉಜ್ಜಿ ತೆಗೆಸಿ. ಟ್ರೇಲರ್‌ನ ಮೂಕಿ ಚಾಸಿಗೆ, ಅಂದರೆ ತಳದ ಕೆಳಗಿನ ಚೌಕಟ್ಟಿಗೆ, ಸೇರುವ ಮೂಲೆಯನ್ನು ಬೆಳಕು ಬಿಟ್ಟು ನೋಡಿ. ಕೂದಲೆಳೆಯಂಥ ಗೆರೆ, ಅದರ ಅಂಚಿನಲ್ಲಿ ಕೆಂಪು ತುಕ್ಕಿನ ನೀರು ಇಳಿದಿದ್ದರೆ ಅಲ್ಲಿ ಬಿರುಕಿದೆ. ಅದರ ಮೇಲೆ ಸುಮ್ನೆ ವೆಲ್ಡಿಂಗ್ ಎಳೆದು ಮುಚ್ಚಬಾರದು. ಬಿರುಕನ್ನು ಗ್ರೈಂಡರ್‌ನಲ್ಲಿ ಪೂರ್ತಿ ಕೆತ್ತಿ, ತುಂಬಿ, ಮೇಲೊಂದು ಪಟ್ಟಿ ಕೂರಿಸಬೇಕು. ವೆಲ್ಡಿಂಗ್ ಮಾಡುವಾಗ ಅರ್ಥ್ ಕ್ಲಾಂಪ್ (ವೆಲ್ಡಿಂಗ್ ಮಷೀನಿಗೆ ಕರೆಂಟ್ ಮರಳಿಸುವ ಹಿಡಿಕೆ) ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಇರಲಿ. ದೂರ ಹಾಕಿದರೆ ಕರೆಂಟ್ ಗಾಲಿಯ ಬೇರಿಂಗ್ ಮೂಲಕ ಹರಿದು ಅದನ್ನು ಹಾಳು ಮಾಡಬಹುದು.

ಹತ್ತಿಸುವ ಗಳಿಗೆ

ಅಪಾಯ ಜಾಸ್ತಿ ಇರುವುದು ರಸ್ತೆಯಲ್ಲಲ್ಲ, ಇಲ್ಲಿ. ಒಮ್ಮೆ ನಮ್ಮೂರಿನ ಗದ್ದೆ ಬದುವಿನಲ್ಲಿ ನಿಂತು ನೋಡಿದ್ದೇನೆ. ಮಿನಿ ಟ್ರ್ಯಾಕ್ಟರ್‌ನ ದೊಡ್ಡ ಗಾಲಿಗಳು ಟ್ರೇಲರ್ ಬಾಲಕ್ಕೆ ಬಂದವು. ಮೂಕಿ ‘ಕಟಕ್’ ಅಂತ ಮೇಲೆದ್ದಿತು. ಮೂಕಿಯನ್ನು ಎಳೆಯುವ ಟ್ರ್ಯಾಕ್ಟರ್‌ಗೆ ಸೇರಿಸುವ ಹುಕ್ಕಿನ ಪಿನ್ನಿಗೆ ಕ್ಲಿಪ್ ಇರಲಿಲ್ಲ, ತಂತಿ ಸುತ್ತಿದ್ದರು. ಪಿನ್ ಅರ್ಧ ಮೇಲೆ ಬಂದು ನಿಂತಿತು. ಇನ್ನರ್ಧ ಬಂದಿದ್ದರೆ ಓಡಿಸುತ್ತಿದ್ದ ಹುಡುಗ ಟ್ರ್ಯಾಕ್ಟರ್ ಸಮೇತ ಹಿಂದಕ್ಕೆ ಬೀಳುತ್ತಿದ್ದ.

ಆಕ್ಸಲ್‌ನಿಂದ ಹುಕ್ಕಿಗೆ 10 ಅಡಿ, ಬಾಲಕ್ಕೆ ನಾಲ್ಕೂವರೆ ಅಡಿ ಅಂದುಕೊಳ್ಳಿ. ಬಾಲದ ಮೇಲೆ 600 ಕೆ.ಜಿ. ಬಿದ್ದರೆ ಹುಕ್ಕನ್ನು 270 ಕೆ.ಜಿ. ಬಲ ಮೇಲಕ್ಕೆತ್ತುತ್ತದೆ. ಇದನ್ನು ತಡೆಯಲು ಬಾಲದ ಎರಡೂ ಮೂಲೆಗೆ, ಚಾಸಿ ಚಾನೆಲ್‌ಗೇ, ಇಳಿಸಿ ಪಿನ್ ಹಾಕುವ ಸ್ಟ್ಯಾಂಡ್ ಮಾಡಿಸಿ. ಕೆಳಗೆ ಅಗಲದ ಪಾದ ಇರಲಿ, ಇಲ್ಲದಿದ್ದರೆ ಹಸಿ ನೆಲದಲ್ಲಿ ಹೂತುಹೋಗುತ್ತದೆ. ಟ್ರೇಲರ್ ಟ್ರ್ಯಾಕ್ಟರ್‌ಗೆ ಕೊಂಡಿ ಹಾಕಿಯೇ ಇರಬೇಕು. ಪಿನ್ನಿಗೆ ಕ್ಲಿಪ್, ಹ್ಯಾಂಡ್ ಬ್ರೇಕ್, ಗಾಲಿಗೆ ಅಡ್ಡಗಟ್ಟಿ ಎಲ್ಲವೂ ಬೇಕು.

ರ‍್ಯಾಂಪ್ ಉದ್ದ ಟ್ರೇಲರ್ ತಳದ ಎತ್ತರದ ನಾಲ್ಕು ಪಟ್ಟು. ತಳ 3 ಅಡಿ ಎತ್ತರವಿದ್ದರೆ ರ‍್ಯಾಂಪ್ 12 ಅಡಿ. 6 ಅಡಿಯದ್ದು ಸಾಕು ಅಂತ ಹಾಕಿದರೆ ಏರು 30 ಡಿಗ್ರಿ ಆಗುತ್ತದೆ, ಅದು ತೀರಾ ಕಡಿದು. ಅಷ್ಟುದ್ದದ ರ‍್ಯಾಂಪ್ ಹೊತ್ತು ತಿರುಗುವುದು ಕಷ್ಟ, ನಿಜ. ಹಳ್ಳಿಯ ಉಪಾಯ ಚೆನ್ನಾಗಿದೆ: ಒಂದೂವರೆ ಅಡಿಯ ಗಟ್ಟಿ ದಿಬ್ಬಕ್ಕೆ ಟ್ರೇಲರ್ ಬಾಲ ಕೊಟ್ಟು ನಿಲ್ಲಿಸಿದರೆ ಅದೇ 6 ಅಡಿ ಸಾಲುತ್ತದೆ. ರ‍್ಯಾಂಪ್‌ನ ತುದಿ ಜಾರದಂತೆ ಬಾಲಕ್ಕೆ ಪಿನ್ ಹಾಕಿ ಕಟ್ಟಿ.

ಮಿನಿ ಟ್ರ್ಯಾಕ್ಟರನ್ನು ರಿವರ್ಸ್‌ನಲ್ಲೇ ಹತ್ತಿಸಿ. ಮುಂದಕ್ಕೆ ಹತ್ತಿಸಿದರೆ ಮುಂದಿನ ಗಾಲಿ ಎದ್ದು ಮಗುಚುವ ಭಯ ಇರುತ್ತದೆ. ರಿವರ್ಸ್‌ನಲ್ಲಿ ಹೋದರೆ ಅದರ ಭಾರದ ಭಾಗ ತಾನಾಗಿಯೇ ಟ್ರೇಲರ್ ಮುಂದಕ್ಕೆ ಬರುತ್ತದೆ, ನಮಗೆ ಬೇಕಾದ್ದೂ ಅದೇ. ಆ ಹೊತ್ತಿನಲ್ಲಿ ಹಿಂದೆ, ಪಕ್ಕದಲ್ಲಿ ಯಾರೂ ನಿಲ್ಲಬಾರದು.

ಒಂದು ಅಡಿಯ ವ್ಯತ್ಯಾಸ

ಒಂದು ಟನ್ ಭಾರದ ನಡುಬಿಂದು ಆಕ್ಸಲ್‌ಗಿಂತ ಒಂದು ಅಡಿ ಮುಂದಿದ್ದರೆ ಹುಕ್ಕಿನ ಮೇಲೆ 100 ಕೆ.ಜಿ. ಬೀಳುತ್ತದೆ. ಒಂದು ಅಡಿ ಹಿಂದೆ ಹೋದರೆ ಅಷ್ಟೇ ಬಲ ಹುಕ್ಕನ್ನು ಎತ್ತುತ್ತದೆ, ಟ್ರೇಲರ್ ಓಲಾಡುತ್ತದೆ. ಟ್ರೇಲರ್ ಸೇರಿದ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಹುಕ್ಕಿನ ಮೇಲಿರಲಿ. ತೀರಾ ಜಾಸ್ತಿಯೂ ಬೇಡ. ಎಳೆಯುವ ಟ್ರ್ಯಾಕ್ಟರ್‌ನ ಮುಂದಿನ ಗಾಲಿಗಳ ಮೇಲೆ ಅದರ ಖಾಲಿ ತೂಕದ ಕನಿಷ್ಠ 20 ಪರ್ಸೆಂಟ್ ಉಳಿಯದಿದ್ದರೆ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಒಮ್ಮೆ ವೇ ಬ್ರಿಡ್ಜ್‌ನಲ್ಲಿ ತೂಗಿಸಿ, ಸರಿಯಾದ ಜಾಗ ಸಿಕ್ಕಿದ ಮೇಲೆ ತಳದಲ್ಲಿ ಗಾಲಿ ನಿಲ್ಲುವ ಕಡೆ ಅಡ್ಡಪಟ್ಟಿ ವೆಲ್ಡ್ ಮಾಡಿಸಿಬಿಡಿ. ಪ್ರತಿ ಸಲ ಅಂದಾಜು ಮಾಡುವ ತಲೆನೋವು ಇರುವುದಿಲ್ಲ.

ರೋಟವೇಟರ್ ತಳಕ್ಕೆ ಇಳಿಸಿ, ಗೇರ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆಯಿರಿ. ನಾಲ್ಕು ಮೂಲೆಗೆ ನಾಲ್ಕು ಸರಪಳಿ. ಕೊಂಡಿಗಳನ್ನು ಪ್ಲೇಟಿಗಲ್ಲ, ಚಾಸಿಗೆ ವೆಲ್ಡ್ ಮಾಡಿಸಿ. ಜೋರಾಗಿ ಬ್ರೇಕ್ ಹೊಡೆದರೆ ಒಂದು ಟನ್ ಯಂತ್ರ 800 ಕೆ.ಜಿ. ಬಲದಲ್ಲಿ ಮುಂದಕ್ಕೆ ನುಗ್ಗಬಹುದು, ತಿರುವಿನಲ್ಲಿ 500 ಕೆ.ಜಿ. ಬಲದಲ್ಲಿ ಪಕ್ಕಕ್ಕೆ ಸರಿಯಬಹುದು. ಇದಕ್ಕೆ ತೆಂಗಿನ ಹಗ್ಗ ಯಾವ ಲೆಕ್ಕ? 8 ಎಂ.ಎಂ. ಗ್ರೇಡ್ 80 ಸರಪಳಿ 2 ಟನ್ ಕೆಲಸದ ಭಾರಕ್ಕೆ ಮಾಡಿದ್ದು, ಅದನ್ನೇ ತನ್ನಿ. ಸರಪಳಿಯನ್ನು ಮಿನಿ ಟ್ರ್ಯಾಕ್ಟರ್‌ನ ಸ್ಟೇರಿಂಗ್ ರಾಡಿಗೆ ಕಟ್ಟಬೇಡಿ, ಅದರ ಆಕ್ಸಲ್‌ಗೆ ಕಟ್ಟಿ.

ಬಾಲಕ್ಕೆ ಕೆಂಪು ರಿಫ್ಲೆಕ್ಟರ್ ಅಂಟಿಸಿ. ಕಬ್ಬಿನ ಸೀಸನ್‌ನಲ್ಲಿ ಕತ್ತಲ ರಸ್ತೆಯಲ್ಲಿ ಟ್ರೇಲರ್ ಕಾಣದೆ ಬೈಕ್ ಸವಾರರು ಸಾಯುವುದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಎರಡು ಗಾಲಿಯ ಎಷ್ಟೋ ಟ್ರೇಲರ್‌ಗಳಿಗೆ ಬ್ರೇಕೇ ಇರುವುದಿಲ್ಲ. ಇಳಿಜಾರಿನಲ್ಲಿ ಮೊದಲೇ ಸಣ್ಣ ಗೇರ್‌ಗೆ ಬನ್ನಿ, ನ್ಯೂಟ್ರಲ್ ಮಾಡಲೇಬೇಡಿ. ಎರಡು ಮೂರು ಕಿ.ಮೀ. ಹೋದ ಮೇಲೆ ನಿಲ್ಲಿಸಿ ಸರಪಳಿ ಮುಟ್ಟಿ ನೋಡಿ. ಕುಲುಕಾಟಕ್ಕೆ ಒಂದಾದರೂ ಸಡಿಲವಾಗಿರುತ್ತದೆ.

ತೋಟ ತಲುಪಿದ ಮೇಲೆ ಸರಪಳಿ ಬಿಚ್ಚುವ ಅವಸರ ಬೇಡ. ಇಳಿಯುವಾಗಲೂ ಆ ಒಂದು ಟನ್ ಬಾಲದ ಮೇಲೆಯೇ ಹಾದುಹೋಗಬೇಕು. ಮೊದಲು ಸ್ಟ್ಯಾಂಡ್ ಇಳಿಸಿ, ಪಿನ್ ನೋಡಿ, ಗಾಲಿಗೆ ಕಲ್ಲು ಕೊಡಿ. ಆಮೇಲೆ ಸರಪಳಿ.